ವೆಬ್‌ಸೈಟ್ ಒಂದು "ವಿಂಡೋಸ್ + ಆರ್ ಒತ್ತಿ" ಎಂದರೆ ಒತ್ತಬಹುದೇ? ಕೀಬೋರ್ಡಿನ ವಿಶೇಷ ಕೀಗಳು ನಿಜಕ್ಕೂ ಏನು ಮಾಡುತ್ತವೆ?

ಖಾನಾಪುರದಲ್ಲಿರುವ ನನ್ನ ಅತ್ತೆಯ ಮಗ ಒಂದು ಸಂಜೆ ವಾಟ್ಸಾಪ್‌ನಲ್ಲಿ ಫೋಟೊ ಕಳಿಸಿದ. ಅವನ ಲ್ಯಾಪ್‌ಟಾಪ್ ಪರದೆಯ ಫೋಟೊ. ಸ್ಪರ್ಧಾತ್ಮಕ ಪರೀಕ್ಷೆಯ ಹಳೆಯ ಪ್ರಶ್ನೆಪತ್ರಿಕೆ ಹುಡುಕುತ್ತಾ ಯಾವುದೋ ವೆಬ್‌ಸೈಟ್‌ಗೆ ಹೋಗಿದ್ದಾನೆ. ಅಲ್ಲಿ "ನಾನು ರೋಬೋಟ್ ಅಲ್ಲ" ಎಂಬ ಚೌಕ ಬಂದಿದೆ, ಟಿಕ್ ಮಾಡಿದ್ದಾನೆ. ಮಾಮೂಲಿನಂತೆ ಬಸ್ಸು, ಸಿಗ್ನಲ್ ದೀಪಗಳ ಚಿತ್ರ ಬರುವ ಬದಲು ಮೂರು ಹೆಜ್ಜೆಗಳ ಸೂಚನೆ ಬಂದಿದೆ. ಒಂದು, ವಿಂಡೋಸ್ ಕೀ ಹಿಡಿದು ಆರ್ ಒತ್ತಿ. ಎರಡು, ಕಂಟ್ರೋಲ್ ಹಿಡಿದು ವಿ ಒತ್ತಿ. ಮೂರು, ಎಂಟರ್ ಒತ್ತಿ. ಫೋಟೊದ ಕೆಳಗೆ ಅವನ ಪ್ರಶ್ನೆ: "ಅಕ್ಕಾ, ಇದನ್ನ ಒತ್ತಲೇನ?"

ಅವನು ಕೇಳಿದ್ದು ನಮ್ಮೆಲ್ಲರ ಪುಣ್ಯ. ಏಕೆಂದರೆ ಅದರ ಹಿಂದಿನ ವಾರವಷ್ಟೇ ನಮ್ಮ ಮನೆಯವರ ಗ್ರೂಪಿನಲ್ಲಿ "ಕೀಬೋರ್ಡಿನ ರಹಸ್ಯ ಕೀಗಳು, ತಪ್ಪದೇ ಶೇರ್ ಮಾಡಿ" ಎಂಬ ಉದ್ದನೆಯ ಪಟ್ಟಿ ಓಡಾಡಿತ್ತು. ಅದರಲ್ಲಿ ವಿಂಡೋಸ್ + ಆರ್ ಕೂಡ ಇತ್ತು, "ರನ್ ಬಾಕ್ಸ್ ತೆರೆಯಲು" ಎಂಬ ವಿವರಣೆಯೊಂದಿಗೆ. ಮಾಹಿತಿ ತಪ್ಪೇನಲ್ಲ. ಆದರೆ ಆ ರನ್ ಬಾಕ್ಸ್ ಎಂದರೇನು, ಅದರೊಳಗೆ ಏನಾದರೂ ಹಾಕಿ ಎಂಟರ್ ಒತ್ತಿದರೆ ಏನಾಗುತ್ತದೆ ಎಂದು ಪಟ್ಟಿ ಹೇಳಿರಲಿಲ್ಲ. ಇಂಥ ಬಹುತೇಕ ಫಾರ್ವರ್ಡ್‌ಗಳ ತೊಂದರೆ ಇದೇ. ಯಾವ ಕೀ ಒತ್ತಬೇಕೆಂದು ಹೇಳುತ್ತವೆ, ಒತ್ತಿದ ಆಜ್ಞೆ ಯಾರನ್ನು ಹೋಗಿ ಮುಟ್ಟುತ್ತದೆ ಎಂದು ಹೇಳುವುದಿಲ್ಲ.

(ಈ ಲೇಖನದಲ್ಲಿ "ವಿಂಡೋಸ್ + ಆರ್" ಎಂದರೆ ಮೊದಲ ಕೀಯನ್ನು ಒತ್ತಿ ಹಿಡಿದುಕೊಂಡೇ ಎರಡನೆಯದನ್ನು ಒತ್ತುವುದು ಎಂದರ್ಥ. ವಿಂಡೋಸ್ ಕೀ ಎಂದರೆ ಕೆಳಸಾಲಿನಲ್ಲಿ ನಾಲ್ಕು ಚೌಕದ ಕಿಟಕಿ ಗುರುತು ಇರುವುದು.)

ಆ ಮೂರು ಹೆಜ್ಜೆಗಳಲ್ಲಿ ಏನಿತ್ತು?

ನೀವು ಕ್ರೋಮ್‌ನಂಥ ಬ್ರೌಸರ್‌ನಲ್ಲಿ ತೆರೆಯುವ ವೆಬ್‌ಸೈಟ್‌ಗೆ ನಿಮ್ಮ ಕಂಪ್ಯೂಟರ್‌ನಲ್ಲಿ ತನ್ನಷ್ಟಕ್ಕೆ ತಾನೇ ಪ್ರೋಗ್ರಾಂ ಓಡಿಸುವ ಅಧಿಕಾರ ಇಲ್ಲ. ಬ್ರೌಸರ್ ಅದನ್ನು ಬೇಲಿಯೊಳಗೆ ಇಟ್ಟಿರುತ್ತದೆ. ಬೇಲಿ ಹಾರುವುದು ಕಷ್ಟದ ಕೆಲಸ. ಹಾಗಾಗಿ ವಂಚಕರು ಸುಲಭದ ದಾರಿ ಕಂಡುಕೊಂಡರು: ಬೇಲಿಯ ಹೊರಗೆ ಈಗಾಗಲೇ ಇರುವ ನಿಮ್ಮ ಕೈಯಿಂದಲೇ ಕೆಲಸ ಮಾಡಿಸುವುದು.

ನೀವು ಆ ಚೌಕಕ್ಕೆ ಟಿಕ್ ಮಾಡಿದ ಕ್ಷಣದಲ್ಲೇ ಪುಟವು ಒಂದು ಸಾಲಿನ ಆಜ್ಞೆಯನ್ನು ಸದ್ದಿಲ್ಲದೆ ನಿಮ್ಮ ಕ್ಲಿಪ್‌ಬೋರ್ಡಿಗೆ ನಕಲು ಮಾಡಿರುತ್ತದೆ. ಕ್ಲಿಪ್‌ಬೋರ್ಡ್ ಎಂದರೆ ನೀವು ಕಾಪಿ ಮಾಡಿದ್ದು ಪೇಸ್ಟ್ ಆಗುವವರೆಗೆ ಕೂತಿರುವ ಜಾಗ. ವಿಂಡೋಸ್ + ಆರ್ ಒತ್ತಿದರೆ ರನ್ ಎಂಬ ಪುಟ್ಟ ಪೆಟ್ಟಿಗೆ ತೆರೆಯುತ್ತದೆ. ಅದು ಬ್ರೌಸರ್‌ನ ಭಾಗವಲ್ಲ, ವಿಂಡೋಸಿನದು. ಅಲ್ಲಿ ಬರೆದದ್ದನ್ನು ಕಂಪ್ಯೂಟರ್ ಮಾಲೀಕರ ಮಾತು ಎಂದೇ ತಿಳಿದು ನಡೆಸಿಕೊಡುತ್ತದೆ. ಕಂಟ್ರೋಲ್ + ವಿ ಎಂದರೆ ಪೇಸ್ಟ್. ಅಂದರೆ ನೀವು ಕಾಪಿಯೇ ಮಾಡದ ಸಾಲು ಅಲ್ಲಿ ಬಂದು ಕೂರುತ್ತದೆ. ಆ ಪೆಟ್ಟಿಗೆ ಚಿಕ್ಕದು, ಸಾಲು ಉದ್ದ. ನಿಮಗೆ ಕಾಣುವುದು ಕೊನೆಯ ತುಂಡು ಮಾತ್ರ, ಅಲ್ಲಿ "ನಾನು ರೋಬೋಟ್ ಅಲ್ಲ, ಪರಿಶೀಲನೆ ಸಂಖ್ಯೆ ಇಷ್ಟು" ಎಂದು ಬೇಕೆಂದೇ ಬರೆದಿರುತ್ತಾರೆ. ನಿಜವಾದ ಆಜ್ಞೆ ಎಡಕ್ಕೆ ಸರಿದು ಮರೆಯಾಗಿರುತ್ತದೆ. ಎಂಟರ್ ಒತ್ತಿದರೆ ಆ ಆಜ್ಞೆ ಇಂಟರ್ನೆಟ್‌ನಿಂದ ಒಂದು ಕಳ್ಳ ಪ್ರೋಗ್ರಾಂ ಇಳಿಸಿಕೊಂಡು ಓಡಿಸುತ್ತದೆ.

ಭದ್ರತಾ ತಜ್ಞರು ಇದನ್ನು "ಕ್ಲಿಕ್‌ಫಿಕ್ಸ್" ಎಂದು ಕರೆಯುತ್ತಾರೆ. 2024ರಿಂದ ಜಗತ್ತಿನಾದ್ಯಂತ ಹರಡಿದೆ. ಇದರ ಮೂಲಕ ಒಳಬರುವ ಪ್ರೋಗ್ರಾಂಗಳಲ್ಲಿ ಕುಖ್ಯಾತವಾದದ್ದು ಲುಮ್ಮಾ ಸ್ಟೀಲರ್. ಹಲವು ದಾರಿಗಳಿಂದ ಹರಡಿದ್ದ ಈ ಲುಮ್ಮಾದ ಜಾಲವನ್ನು 2025ರ ಮೇ ತಿಂಗಳಲ್ಲಿ ಮೈಕ್ರೋಸಾಫ್ಟ್ ಮತ್ತು ಹಲವು ದೇಶಗಳ ತನಿಖಾ ಸಂಸ್ಥೆಗಳು ಮುರಿದಾಗ, ಅದಕ್ಕೂ ಹಿಂದಿನ ಎರಡೇ ತಿಂಗಳಲ್ಲಿ 3,94,000ಕ್ಕೂ ಹೆಚ್ಚು ವಿಂಡೋಸ್ ಕಂಪ್ಯೂಟರ್‌ಗಳಿಗೆ ಸೋಂಕು ತಗುಲಿದ್ದು ಪತ್ತೆಯಾಗಿತ್ತು. ಇಂಥ ಪ್ರೋಗ್ರಾಂಗಳು ಬ್ರೌಸರ್‌ನಲ್ಲಿ ಉಳಿಸಿಟ್ಟ ಪಾಸ್‌ವರ್ಡ್‌ಗಳನ್ನು ಕದಿಯುತ್ತವೆ. ಜೊತೆಗೆ ನೀವು ಈಗಾಗಲೇ ಲಾಗಿನ್ ಆಗಿರುವುದಕ್ಕೆ ಸಾಕ್ಷಿಯಾಗಿ ಬ್ರೌಸರ್ ಇಟ್ಟುಕೊಂಡಿರುವ ಗುರುತುಗಳನ್ನೂ ಒಯ್ಯುತ್ತವೆ. ಆ ಗುರುತು ಸಿಕ್ಕರೆ ಎಷ್ಟೋ ಖಾತೆಗಳಿಗೆ ಕಳ್ಳನು ಒಟಿಪಿ ಇಲ್ಲದೆಯೇ ನುಗ್ಗಬಹುದು. "ಒಟಿಪಿ ಯಾರಿಗೂ ಕೊಟ್ಟಿಲ್ಲ, ಆದ್ರೂ ಹೆಂಗ್ ಹೋತ್ರಿ?" ಎಂದು ಕೇಳುವವರಿಗೆ ಇದೂ ಒಂದು ಉತ್ತರ.

ನೆನಪಿಡಬೇಕಾದ ಗುರುತು ಸರಳ. ನಿಜವಾದ ಕ್ಯಾಪ್ಚಾ ಪರೀಕ್ಷೆ ಬ್ರೌಸರ್ ಕಿಟಕಿಯ ಒಳಗೇ ಶುರುವಾಗಿ ಅಲ್ಲೇ ಮುಗಿಯುತ್ತದೆ. ವಿಂಡೋಸ್ ಕೀ ಒತ್ತಿಸುವ ಕ್ಯಾಪ್ಚಾ ಎಂಬುದು ಇಲ್ಲವೇ ಇಲ್ಲ. ಆ್ಯಪಲ್ ಕಂಪ್ಯೂಟರ್‌ನಲ್ಲಿ "ಟರ್ಮಿನಲ್ ತೆರೆದು ಪೇಸ್ಟ್ ಮಾಡಿ" ಎಂದು ಬಂದರೂ ಅದೇ ಬಲೆ. "ಫೈಲ್ ಎಕ್ಸ್‌ಪ್ಲೋರರ್‌ನ ವಿಳಾಸಪಟ್ಟಿಯಲ್ಲಿ ಪೇಸ್ಟ್ ಮಾಡಿ" ಎಂಬ ಹೊಸ ವೇಷವೂ ಬಂದಿದೆ.

ಒತ್ತಿಬಿಟ್ಟಿದ್ದರೆ?

ನಾಚಿಕೆಪಡುತ್ತಾ ಕೂರಬೇಡಿ, ಸಮಯ ಮುಖ್ಯ. ಮೊದಲು ಆ ಕಂಪ್ಯೂಟರ್‌ನ ವೈಫೈ ಅಥವಾ ಇಂಟರ್ನೆಟ್ ಕೇಬಲ್ ತೆಗೆಯಿರಿ. ಆಮೇಲೆ ಬೇರೊಂದು ಸಾಧನದಿಂದ, ಅಂದರೆ ನಿಮ್ಮ ಫೋನಿನಿಂದ, ಮೊದಲು ಇಮೇಲ್ ಪಾಸ್‌ವರ್ಡ್, ನಂತರ ಬ್ಯಾಂಕಿನದು ಬದಲಿಸಿ. ಅದೇ ಕಂಪ್ಯೂಟರ್‌ನಲ್ಲಿ ಕುಳಿತು ಬದಲಿಸಿದರೆ ಹೊಸ ಪಾಸ್‌ವರ್ಡ್ ಕೂಡ ಕಳ್ಳನಿಗೇ ಹೋಗಬಹುದು. "ಎಲ್ಲಾ ಸಾಧನಗಳಿಂದ ಸೈನ್ ಔಟ್" ಎಂಬ ಆಯ್ಕೆ ಇದ್ದಲ್ಲಿ ಅದನ್ನು ತಪ್ಪದೇ ಒತ್ತಿ, ಕದ್ದ ಗುರುತುಗಳು ಆಗ ಕೆಲಸಕ್ಕೆ ಬಾರದಾಗುತ್ತವೆ. ಹಣ ಹೋಗಿದ್ದರೆ ತಕ್ಷಣ 1930ಕ್ಕೆ ಕರೆ ಮಾಡಿ, ಇದು ಸೈಬರ್ ವಂಚನೆಯ ರಾಷ್ಟ್ರೀಯ ಸಹಾಯವಾಣಿ. ಕಂಪ್ಯೂಟರನ್ನು ತಿಳಿದವರಿಂದ ಪೂರ್ತಿ ಸ್ವಚ್ಛ ಮಾಡಿಸದೆ ಮತ್ತೆ ಅದರಲ್ಲಿ ಬ್ಯಾಂಕಿಂಗ್ ಬೇಡ.

ಇದೆಲ್ಲ ದೂರದ ಊರಿನ ಕಥೆ ಅನ್ನಿಸಬಹುದು. 2025ರ ನವೆಂಬರ್‌ನಲ್ಲಿ ಬೆಳಗಾವಿ ನಗರದಲ್ಲೇ ಪೊಲೀಸರು ಒಂದು ನಕಲಿ ಕಾಲ್ ಸೆಂಟರ್ ಮೇಲೆ ದಾಳಿ ಮಾಡಿ 30ಕ್ಕೂ ಹೆಚ್ಚು ಜನರನ್ನು ಬಂಧಿಸಿದರು. ಅಲ್ಲಿಂದ ಅಮೆರಿಕದ ನಾಗರಿಕರಿಗೆ ಕರೆ ಮಾಡಿ ವಂಚಿಸಲಾಗುತ್ತಿತ್ತು ಎಂಬುದು ಆರೋಪ.

ಫೋನಿನ ಮೂಲಕ ನಡೆಯುವ "ಟೆಕ್ ಸಪೋರ್ಟ್" ಮೋಸದಲ್ಲೂ ಇದೇ ವಿಂಡೋಸ್ + ಆರ್ ಹಳೆಯ ಆಯುಧ. ಕರೆ ಮಾಡಿದವನು ರನ್ ಪೆಟ್ಟಿಗೆಯಲ್ಲಿ ಒಂದು ಪದ ಬರೆಸುತ್ತಾನೆ, ಈವೆಂಟ್ ವ್ಯೂವರ್ ಎಂಬ ಪಟ್ಟಿ ತೆರೆಯುತ್ತದೆ, ತುಂಬಾ ಕೆಂಪು ಮತ್ತು ಹಳದಿ ಗುರುತುಗಳು ಕಾಣುತ್ತವೆ. "ನೋಡಿ, ನಿಮ್ಮ ಕಂಪ್ಯೂಟರ್ ತುಂಬಾ ವೈರಸ್" ಎನ್ನುತ್ತಾನೆ. ಆ ಪಟ್ಟಿ ಕಂಪ್ಯೂಟರ್‌ನ ದಿನಚರಿ ಅಷ್ಟೇ. ಆರೋಗ್ಯವಾಗಿರುವ ಯಾವ ಕಂಪ್ಯೂಟರ್‌ನಲ್ಲಿ ತೆರೆದರೂ ಅಂಥ ಗುರುತುಗಳು ಇದ್ದೇ ಇರುತ್ತವೆ.

ಹಾಗಾದರೆ ಈ ಕೀಗಳು ಇರುವುದೇಕೆ?

ಕೀಬೋರ್ಡ್ ಅಕ್ಷರಗಳನ್ನು ಕಳಿಸುವುದಿಲ್ಲ. "ಇಂಥ ಸಾಲಿನ ಇಂಥ ಗುಂಡಿ ಒತ್ತಲಾಯಿತು" ಎಂಬ ಸಂಕೇತ ಸಂಖ್ಯೆ ಕಳಿಸುತ್ತದೆ, ಅಷ್ಟೇ. ಅದು ಯಾವ ಅಕ್ಷರ, ಯಾವ ಆಜ್ಞೆ ಎಂದು ತೀರ್ಮಾನಿಸುವುದು ಕಂಪ್ಯೂಟರ್ ಒಳಗಿನ ತಂತ್ರಾಂಶ. ಶಿಫ್ಟ್, ಕಂಟ್ರೋಲ್, ಆಲ್ಟ್ ಇವೆಲ್ಲ ಉಳಿದ ಕೀಗಳ ಅರ್ಥ ಬದಲಿಸುವ ಕೀಗಳು. ಶಿಫ್ಟ್ ಎಂದರೆ ಜರುಗಿಸು. 1878ರ ರೆಮಿಂಗ್ಟನ್ ಟೈಪ್‌ರೈಟರ್‌ನಲ್ಲಿ ಆ ಕೀ ಒತ್ತಿದರೆ ಕಾಗದ ಹೊತ್ತ ಭಾಗ ನಿಜವಾಗಿಯೂ ಜರುಗಿ, ಅಚ್ಚಿನ ಮೊಳೆಯ ಮೇಲಿದ್ದ ದೊಡ್ಡ ಅಕ್ಷರ ಬಡಿಯುತ್ತಿತ್ತು. ಯಂತ್ರ ಹೋಯಿತು, ಹೆಸರು ಉಳಿಯಿತು. ಕಟ್, ಕಾಪಿ, ಪೇಸ್ಟ್ ಎಂಬ ಕಲ್ಪನೆ 1970ರ ದಶಕದಲ್ಲಿ ಅಮೆರಿಕದ ಜೆರಾಕ್ಸ್ ಸಂಶೋಧನಾ ಕೇಂದ್ರದಲ್ಲಿ ಲ್ಯಾರಿ ಟೆಸ್ಲರ್ ಮತ್ತು ಸಂಗಡಿಗರ ಕೈಯಲ್ಲಿ ರೂಪುಗೊಂಡದ್ದು. ಹೌದು, ನಮ್ಮಲ್ಲಿ "ಜೆರಾಕ್ಸ್ ಅಂಗಡಿ"ಗೆ ಹೆಸರು ಕೊಟ್ಟ ಅದೇ ಕಂಪನಿ. ವಿಂಡೋಸ್ ಕೀ ತುಂಬಾ ಈಚಿನದು, 1994ರಲ್ಲಿ ಮೈಕ್ರೋಸಾಫ್ಟ್‌ನ ಕೀಬೋರ್ಡಿನಲ್ಲಿ ಬಂತು.

ಎಫ್‌ಎನ್ ಕೀ ಮಾತ್ರ ಸ್ವಲ್ಪ ಬೇರೆ ಜಾತಿ. ಬಹುತೇಕ ಲ್ಯಾಪ್‌ಟಾಪ್‌ಗಳಲ್ಲಿ ಅದನ್ನು ವಿಂಡೋಸ್ ನೋಡುವುದೇ ಇಲ್ಲ, ಯಂತ್ರವೇ ನೋಡಿಕೊಳ್ಳುತ್ತದೆ. ಹಾಗಾಗಿ ಅದರ ಜೋಡಿಗಳು ಕಂಪನಿಯಿಂದ ಕಂಪನಿಗೆ ಬೇರೆ. ಫಾರ್ವರ್ಡ್‌ನಲ್ಲಿ "ಎಫ್‌ಎನ್ ಜೊತೆ ಇದನ್ನು ಒತ್ತಿ" ಎಂದಿದ್ದು ನಿಮ್ಮಲ್ಲಿ ಕೆಲಸ ಮಾಡದಿದ್ದರೆ ತಪ್ಪು ನಿಮ್ಮದಲ್ಲ.

"ಕೀಬೋರ್ಡ್ ಕೆಟ್ಟೈತ್ರಿ, ಬರೇ ಮರಾಠಿ ಬರಾಕತ್ತೈತಿ"

ಖಾನಾಪುರದ ಒಂದು ಅರ್ಜಿ ತುಂಬುವ ಅಂಗಡಿಯಲ್ಲಿ ನಾನೇ ಕೇಳಿದ ಮಾತಿದು. ಕನ್ನಡ, ಮರಾಠಿ, ಇಂಗ್ಲಿಷ್ ಮೂರರಲ್ಲೂ ಟೈಪ್ ಮಾಡುವ ಊರು ಅದು. ಕೀಬೋರ್ಡ್ ಕೆಟ್ಟಿರಲಿಲ್ಲ. ಎಡಗೈಯ ಆಲ್ಟ್ ಮತ್ತು ಶಿಫ್ಟ್ ಒಟ್ಟಿಗೆ ಒತ್ತಿ ಹೋಗಿತ್ತು, ಅದು ಭಾಷೆ ಬದಲಿಸುವ ಜೋಡಿ. ವಿಂಡೋಸ್ + ಸ್ಪೇಸ್ ಕೂಡ ಅದೇ ಕೆಲಸ ಮಾಡುತ್ತದೆ, ಜೊತೆಗೆ ಯಾವ ಭಾಷೆಗೆ ಹೋಗುತ್ತಿದ್ದೀರಿ ಎಂದು ಪಟ್ಟಿ ತೋರಿಸುತ್ತದೆ. ಪರದೆಯ ಬಲಗಡೆ ಕೆಳಮೂಲೆಯಲ್ಲಿ ಈಗಿನ ಭಾಷೆಯ ಗುರುತು ಇರುತ್ತದೆ. ಪಾಸ್‌ವರ್ಡ್ ಸರಿ ಇದ್ದರೂ ತೆಗೆದುಕೊಳ್ಳುತ್ತಿಲ್ಲ ಎಂದಾಗ ಕ್ಯಾಪ್ಸ್ ಲಾಕ್ ಜೊತೆ ಇದನ್ನೂ ಒಮ್ಮೆ ನೋಡಿ.

ಇಲ್ಲಿ ಒಂದು ಸ್ವಾರಸ್ಯ ಇದೆ, ಬೆಳಗಾವಿ ಕಡೆಯವರಿಗೆ ವಿಶೇಷವಾಗಿ ಉಪಯೋಗದ್ದು. ಇನ್‌ಸ್ಕ್ರಿಪ್ಟ್ ಎಂಬ ಕೀಲಿಮಣೆ ವಿನ್ಯಾಸ 1991ರ ಭಾರತೀಯ ಮಾನಕದಲ್ಲೇ ಇದೆ. ಅದರ ಜಾಣತನವೆಂದರೆ ಭಾರತದ ಲಿಪಿಗಳಲ್ಲಿ ಒಂದೇ ಉಚ್ಚಾರದ ಅಕ್ಷರಗಳಿಗೆ ಒಂದೇ ಗುಂಡಿ. ಸ್ವರಗಳು ಎಡಗೈಗೆ, ವ್ಯಂಜನಗಳು ಹೆಚ್ಚಾಗಿ ಬಲಗೈಗೆ. ಇಂಗ್ಲಿಷಿನ "ಕೆ" ಗುಂಡಿ ಕನ್ನಡದಲ್ಲಿ ಕ, ಮರಾಠಿಯಲ್ಲೂ ಕ. ಶಿಫ್ಟ್ ಹಿಡಿದರೆ ಎರಡರಲ್ಲೂ ಖ.

ಖಾನಾಪುರ ಎಂದು ಕನ್ನಡದಲ್ಲಿ ಬರೆಯಲು ಏಳು ಒತ್ತು ಬೇಕು: ಖ, ಆ-ಕಾರ, ನ, ಆ-ಕಾರ, ಪ, ಉ-ಕಾರ, ರ. ಭಾಷೆ ಬದಲಿಸಿ ಮರಾಠಿಯಲ್ಲಿ ಬರೆದರೆ ಅವೇ ಏಳು ಒತ್ತು, ಆರು ಗುಂಡಿ ಅವೇ. ಮರಾಠಿಯಲ್ಲಿ "ಪೂ" ದೀರ್ಘ ಬರೆಯುವುದರಿಂದ ಒಂದು ಗುಂಡಿ ಮಾತ್ರ ಬೇರೆ. ಬೆಳಗಾವಿಯದೂ ಹೀಗೆಯೇ: ಬ, ಳ, ಗ, ಆ-ಕಾರ, ವ ಎಲ್ಲ ಅದೇ ಜಾಗ, ಎ-ಕಾರ ಮತ್ತು ಕೊನೆಯ ಇ-ಕಾರದಲ್ಲಿ ಮಾತ್ರ ವ್ಯತ್ಯಾಸ. ಒಂದು ಭಾಷೆಯಲ್ಲಿ ಬೆರಳು ಪಳಗಿದರೆ ಇನ್ನೊಂದು ಬಹುತೇಕ ಪುಕ್ಕಟೆ. ಎರಡೂ ಭಾಷೆಯ ಕೆಲಸ ಬರುವ ಅಂಗಡಿಯವರು ಇದನ್ನು ಕಲಿಯದೆ ಇರುವುದು ನನಗೆ ಯಾವಾಗಲೂ ಆಶ್ಚರ್ಯ.

ಆದರೆ ನಮ್ಮ ಸರ್ಕಾರಿ ಕಚೇರಿಗಳಲ್ಲಿ, ಡಿಟಿಪಿ ಅಂಗಡಿಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದು ನುಡಿ. ಕನ್ನಡ ಗಣಕ ಪರಿಷತ್ತು ರೂಪಿಸಿದ ಈ ತಂತ್ರಾಂಶದಲ್ಲಿರುವುದು ಕೆ.ಪಿ. ರಾವ್ ಅವರ ವಿನ್ಯಾಸ. ಅದರಲ್ಲಿ ನಿಜವಾದ "ವಿಶೇಷ ಕೀ" ಎಫ್. ಅದು ಅಕ್ಷರವಲ್ಲ, ಒತ್ತಕ್ಷರ ಮೂಡಿಸುವ ಕೊಂಡಿ. "ಕನ್ನಡ" ಎಂದು ಬರೆಯಲು ಕೆ, ಎನ್, ಎಫ್, ಎನ್, ಡಬ್ಲ್ಯು ಒತ್ತಬೇಕು. ಎಫ್ ಬಿಟ್ಟರೆ "ಕನನಡ" ಆಗುತ್ತದೆ. ಇನ್‌ಸ್ಕ್ರಿಪ್ಟ್‌ನಲ್ಲಿ ಇದೇ ಕೊಂಡಿಯ ಕೆಲಸ ಡಿ ಗುಂಡಿಯದು. ನುಡಿಯಿಂದ ಇನ್‌ಸ್ಕ್ರಿಪ್ಟ್‌ಗೆ ಬಂದವರು ಮೊದಲ ವಾರ ಎಡವುವುದು ಹೆಚ್ಚಾಗಿ ಇಲ್ಲೇ.

ಅಂದಹಾಗೆ, ಎಫ್ ಮತ್ತು ಜೆ ಗುಂಡಿಗಳ ಮೇಲೆ ಇರುವ ಸಣ್ಣ ಗೀರು ಯಾವ ರಹಸ್ಯವೂ ಅಲ್ಲ. ಕಣ್ಣು ಪರದೆಯ ಮೇಲಿರುವಾಗ ತೋರುಬೆರಳುಗಳು ತಮ್ಮ ಜಾಗ ಕಂಡುಕೊಳ್ಳಲಿ ಎಂದು.

ಫಾರ್ವರ್ಡ್‌ಗಳಲ್ಲಿ ಬರುವ ಕೆಲವು ಮಾತು

"ಆಗಾಗ ಎಫ್5 ಒತ್ತಿ ರಿಫ್ರೆಶ್ ಮಾಡಿದರೆ ಕಂಪ್ಯೂಟರ್ ವೇಗವಾಗುತ್ತದೆ." ಇದು ನಿಜವಲ್ಲ. ಡೆಸ್ಕ್‌ಟಾಪ್‌ನಲ್ಲಿ ರಿಫ್ರೆಶ್ ಎಂದರೆ ಅಲ್ಲಿರುವ ಚಿತ್ರಗಳನ್ನು ಮತ್ತೊಮ್ಮೆ ಓದಿ ಬಿಡಿಸುವುದು ಮಾತ್ರ. ಮೆಮೊರಿ ಖಾಲಿಯಾಗುವುದಿಲ್ಲ. ನಾವು ಶಾಲೆಯ ಕಂಪ್ಯೂಟರ್ ಲ್ಯಾಬಿನಲ್ಲಿ ಕೂತ ತಕ್ಷಣ ಹತ್ತು ಸಲ ರಿಫ್ರೆಶ್ ಮಾಡುತ್ತಿದ್ದೆವು, ಹಾರ್ಮೋನಿಯಂ ಶ್ರುತಿ ನೋಡಿದ ಹಾಗೆ. ಬ್ರೌಸರ್‌ನಲ್ಲಿ ಎಫ್5 ಪುಟವನ್ನು ಮತ್ತೆ ತರಿಸುತ್ತದೆ. ಅಲ್ಲಿ ಎಚ್ಚರ ಬೇಕು. ಹಣ ಪಾವತಿ ನಡೆಯುತ್ತಿರುವಾಗ ಒತ್ತಿದರೆ ಕೆಲವೊಮ್ಮೆ ಅದೇ ಕೋರಿಕೆ ಎರಡನೇ ಸಲ ಹೋಗಬಹುದು. ಕಾಯುವುದೇ ಒಳ್ಳೆಯದು.

"ಶಿಫ್ಟ್ ಐದು ಸಲ ಒತ್ತಿದರೆ ಶಬ್ದ ಬಂದು ಏನೋ ತೆರೆಯಿತು, ವೈರಸ್ ಇರಬೇಕು." ವೈರಸ್ ಅಲ್ಲ. ಅದು ಸ್ಟಿಕಿ ಕೀಸ್, ಎರಡು ಕೀಗಳನ್ನು ಒಟ್ಟಿಗೆ ಹಿಡಿಯಲಾಗದವರಿಗೆ ಒಂದಾದ ಮೇಲೊಂದು ಒತ್ತಲು ಕೊಟ್ಟ ಸೌಲಭ್ಯ. ಒಂದು ಕೈಯಲ್ಲಿ ಟೈಪ್ ಮಾಡುವವರಿಗೆ ತುಂಬಾ ಬೇಕಾದದ್ದು.

"ಎಟಿಎಂನಲ್ಲಿ ಕಾರ್ಡ್ ಹಾಕುವ ಮೊದಲು ಕ್ಯಾನ್ಸಲ್ ಎರಡು ಸಲ ಒತ್ತಿದರೆ ಪಿನ್ ಕಳವಾಗುವುದಿಲ್ಲ, ರಿಸರ್ವ್ ಬ್ಯಾಂಕ್ ಹೇಳಿದೆ." ರಿಸರ್ವ್ ಬ್ಯಾಂಕ್ ಹಾಗೆ ಹೇಳಿಲ್ಲ, ಕೇಂದ್ರ ಸರ್ಕಾರದ ಪಿಐಬಿ ಫ್ಯಾಕ್ಟ್‌ಚೆಕ್ ಇದನ್ನು ಸುಳ್ಳೆಂದು ಸ್ಪಷ್ಟಪಡಿಸಿದೆ. ಪಿನ್ ಕದಿಯುವವರು ಕ್ಯಾಮೆರಾ ಇಡುತ್ತಾರೆ, ಕೀಲಿಮಣೆಯ ಮೇಲೆ ನಕಲಿ ಹೊದಿಕೆ ಹಾಕುತ್ತಾರೆ. ಕ್ಯಾನ್ಸಲ್ ಒತ್ತುವುದರಿಂದ ಅವಕ್ಕೇನೂ ಆಗದು. ಕೈ ಅಡ್ಡ ಹಿಡಿದು ಪಿನ್ ಒತ್ತಿ. "ಪಿನ್ ಉಲ್ಟಾ ಒತ್ತಿದರೆ ಪೊಲೀಸರು ಬರುತ್ತಾರೆ" ಎಂಬುದೂ ಸುಳ್ಳು.

ಸಿಕ್ಕಿಹಾಕಿಕೊಂಡಾಗ ಬಿಡಿಸುವ ಕೀಗಳು

ಪರದೆ ತುಂಬಾ ಕೆಂಪು ಎಚ್ಚರಿಕೆ, ಜೋರಾದ ಸೈರನ್, "ನಿಮ್ಮ ಕಂಪ್ಯೂಟರ್ ಲಾಕ್ ಆಗಿದೆ, ಈ ನಂಬರಿಗೆ ಕರೆ ಮಾಡಿ." ಸಾಮಾನ್ಯವಾಗಿ ಯಾವುದೂ ಲಾಕ್ ಆಗಿರುವುದಿಲ್ಲ. ಒಂದು ವೆಬ್‌ಪುಟ ಪೂರ್ಣಪರದೆಗೆ ಹಿಗ್ಗಿ ಕೂತಿರುತ್ತದೆ. ಎಸ್ಕೇಪ್ ಕೀಯನ್ನು ಕೆಲವು ಸೆಕೆಂಡ್ ಒತ್ತಿ ಹಿಡಿಯಿರಿ, ಅಥವಾ ಎಫ್11 ಒತ್ತಿ. ಹೋಗದಿದ್ದರೆ ಆಲ್ಟ್ + ಎಫ್4, ಅದು ಕಿಟಕಿಯನ್ನೇ ಮುಚ್ಚುತ್ತದೆ. ಅದಕ್ಕೂ ಜಗ್ಗದಿದ್ದರೆ ಕಂಟ್ರೋಲ್ + ಆಲ್ಟ್ + ಡಿಲೀಟ್ ಒತ್ತಿ, ಟಾಸ್ಕ್ ಮ್ಯಾನೇಜರ್ ಆರಿಸಿ, ಬ್ರೌಸರ್ ಮೇಲೆ ಎಂಡ್ ಟಾಸ್ಕ್ ಮಾಡಿ.

ಈ ಮೂರು ಕೀಗಳ ಜೋಡಿಗೆ ವಿಶೇಷ ಸ್ಥಾನ ಇರುವುದಕ್ಕೆ ಕಾರಣ ಇದೆ. 1981ರ ಐಬಿಎಂ ಪರ್ಸನಲ್ ಕಂಪ್ಯೂಟರ್‌ಗಾಗಿ ಡೇವಿಡ್ ಬ್ರಾಡ್ಲಿ ಎಂಬ ಎಂಜಿನಿಯರ್ ಇದನ್ನು ಯಂತ್ರ ಮರುಶುರು ಮಾಡಲು ರೂಪಿಸಿದರು. ಕೈತಪ್ಪಿ ಒತ್ತಿಹೋಗಬಾರದೆಂದು ದೂರದೂರದ ಕೀಗಳನ್ನು ಆರಿಸಿದರು. ಮುಂದೆ ಮೈಕ್ರೋಸಾಫ್ಟ್ ಅದಕ್ಕೆ ಬೇರೆ ಕೆಲಸ ಕೊಟ್ಟಿತು. ಇಂದಿನ ವಿಂಡೋಸಿನಲ್ಲಿ ಈ ಜೋಡಿ ನೇರವಾಗಿ ವಿಂಡೋಸಿನ ಒಳಮನೆಗೇ ಹೋಗುತ್ತದೆ, ನಡುವೆ ಯಾವ ಸಾಮಾನ್ಯ ಪ್ರೋಗ್ರಾಂ ಕೂಡ, ವೆಬ್‌ಪುಟವಂತೂ ಮೊದಲೇ, ಅದನ್ನು ತಡೆಯಲಾರದು, ಅನುಕರಿಸಲಾರದು. ಎಷ್ಟೋ ಕಚೇರಿಗಳ ಕಂಪ್ಯೂಟರ್ ಲಾಗಿನ್‌ಗೆ ಮುಂಚೆ ಈ ಮೂರನ್ನು ಒತ್ತಿಸಿಕೊಳ್ಳುವುದು ಅದಕ್ಕೇ: ನಂತರ ಬರುವ ಪಾಸ್‌ವರ್ಡ್ ಪರದೆ ಅಸಲಿ ಎಂದು ಖಾತ್ರಿಯಾಗಲಿ ಎಂದು.

ಬೇರೆಯವರ ಕಂಪ್ಯೂಟರ್‌ನಲ್ಲಿ ಕೆಲಸ ಮಾಡುವಾಗ

ಈ ಲೇಖನ ಓದುತ್ತಿರುವ ಬಹುತೇಕರು ಫೋನಿನಲ್ಲಿ ಓದುತ್ತಿದ್ದೀರಿ. ನಿಮಗೆ ಕೀಬೋರ್ಡ್ ಸಿಗುವುದು ಹೆಚ್ಚಾಗಿ ಸೈಬರ್ ಕೆಫೆಯಲ್ಲಿ, ಕಾಲೇಜಿನಲ್ಲಿ, ಅರ್ಜಿ ತುಂಬುವ ಅಂಗಡಿಯಲ್ಲಿ. ಅಲ್ಲಿ ಬೇಕಾಗುವ ಶಾರ್ಟ್‌ಕಟ್‌ಗಳು ಬೇರೆ.

ಕೆಲಸ ಶುರು ಮಾಡುವ ಮೊದಲು ಕ್ರೋಮ್‌ನಲ್ಲಿ ಕಂಟ್ರೋಲ್ + ಶಿಫ್ಟ್ + ಎನ್ ಒತ್ತಿ. ಅಜ್ಞಾತ ಕಿಟಕಿ ತೆರೆಯುತ್ತದೆ, ಮುಚ್ಚಿದಾಗ ನಿಮ್ಮ ಲಾಗಿನ್ ಅಲ್ಲಿ ಉಳಿಯುವುದಿಲ್ಲ. ಆದರೆ ಡೌನ್‌ಲೋಡ್ ಮಾಡಿದ ಫೈಲು ಉಳಿಯುತ್ತದೆ, ಇದನ್ನು ಬಹಳ ಜನ ಮರೆಯುತ್ತಾರೆ. ಕಂಟ್ರೋಲ್ + ಜೆ ಒತ್ತಿದರೆ ಡೌನ್‌ಲೋಡ್ ಪಟ್ಟಿ ಬರುತ್ತದೆ. ಅಲ್ಲಿಂದ ಫೋಲ್ಡರ್ ತೆರೆದು, ನಿಮ್ಮ ಆಧಾರ್ ಅಥವಾ ಅಂಕಪಟ್ಟಿಯ ಫೈಲನ್ನು ಆರಿಸಿ ಶಿಫ್ಟ್ + ಡಿಲೀಟ್ ಒತ್ತಿ. ಬರೀ ಡಿಲೀಟ್ ಒತ್ತಿದರೆ ಅದು ಕಸದ ಬುಟ್ಟಿಯಲ್ಲಿ ಎಲ್ಲರಿಗೂ ಸಿಗುವಂತೆ ಬಿದ್ದಿರುತ್ತದೆ.

ನಂತರ ವಿಂಡೋಸ್ + ವಿ. ಕೆಲವು ಕಂಪ್ಯೂಟರ್‌ಗಳಲ್ಲಿ ಕ್ಲಿಪ್‌ಬೋರ್ಡ್ ಇತಿಹಾಸ ಆನ್ ಆಗಿರುತ್ತದೆ, ಕಾಪಿ ಮಾಡಿದ 25 ಸಂಗತಿಗಳವರೆಗೆ ಅಲ್ಲಿ ಸಾಲಾಗಿ ಕಾಣುತ್ತವೆ. ನಿಮ್ಮ ಖಾತೆ ಸಂಖ್ಯೆ ಇದ್ದರೆ "ಎಲ್ಲ ಅಳಿಸು" ಒತ್ತಿ. ನಡುವೆ ಎದ್ದು ಹೋಗಬೇಕಾದರೆ, ಅದು ನಿಮ್ಮದೇ ಅಥವಾ ಕಚೇರಿಯ ಕಂಪ್ಯೂಟರ್ ಆಗಿದ್ದರೆ, ವಿಂಡೋಸ್ + ಎಲ್ ಒತ್ತಿ ಹೋಗಿ. ಪರದೆ ಲಾಕ್ ಆಗುತ್ತದೆ, ತೆರೆದ ಕೆಲಸ ಹಾಗೇ ಇರುತ್ತದೆ.

ಫೈಲ್ ಕಳಿಸಲು ಅಂಗಡಿಯಲ್ಲಿ ವಾಟ್ಸಾಪ್ ವೆಬ್ ತೆರೆದಿದ್ದಿರಾ? ಅದಕ್ಕೆ ಕೀಬೋರ್ಡ್ ಬೇಡ. ಈಗಲೇ ನಿಮ್ಮ ಫೋನಿನ ವಾಟ್ಸಾಪ್‌ನಲ್ಲಿ "ಲಿಂಕ್ಡ್ ಡಿವೈಸಸ್" ನೋಡಿ. ನಾನು ನನ್ನ ಅತ್ತೆಯ ಮಗನಿಗೆ ಅವತ್ತು ಇದನ್ನೂ ಹೇಳಿದೆ. ಅವನ ಪಟ್ಟಿಯಲ್ಲಿ ಎರಡು ಕಂಪ್ಯೂಟರ್ ಇದ್ದವು. ಒಂದು ಅವನದೇ ಲ್ಯಾಪ್‌ಟಾಪ್. ಇನ್ನೊಂದು ಯಾವ ಅಂಗಡಿಯದು ಎಂದು ಅವನಿಗೆ ನೆನಪಿರಲಿಲ್ಲ, ಲಾಗ್ ಔಟ್ ಮಾಡಿದ.